ಋತುಮಾನ ಮತ್ತು ಮಕ್ಕಳ ಬೆಳವಣಿಗೆ: ಮಾಲೇಗಾಂವ್ ಪರಿಸರವನ್ನು ಕುರಿತ ಒಂದು ವಿವೇಚನೆ

ಮಕ್ಕಳ ಬೆಳವಣಿಗೆಯು ವರ್ಷದ ಹನ್ನೆರಡು ತಿಂಗಳೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಕೆಲವು ತಿಂಗಳುಗಳಲ್ಲಿ ಎತ್ತರ ಹೆಚ್ಚುತ್ತದೆ, ಕೆಲವು ತಿಂಗಳುಗಳಲ್ಲಿ ತೂಕ ಏರುತ್ತದೆ, ಮತ್ತೆ ಕೆಲವು ತಿಂಗಳುಗಳಲ್ಲಿ ಎರಡೂ ನಿಂತಂತೆ ತೋರುತ್ತವೆ. ತಾಯಂದಿರಿಗೆ ಹಿಂದಿನಿಂದಲೂ ತಿಳಿದಿರುವ ಈ ಸಂಗತಿಯನ್ನು ಶರೀರಮಾನ ಶಾಸ್ತ್ರವು ಕಳೆದ ಎರಡೂವರೆ ಶತಮಾನಗಳಿಂದ ಅಳೆಯುತ್ತ ಬಂದಿದೆ. ಆದರೆ ಈ ಏರಿಳಿತಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಯುರೋಪಿನಲ್ಲಿ ದೊರೆತ ಉತ್ತರವನ್ನು ದಖ್ಖನ್ನಿನ ಒಣಭೂಮಿಗೆ ಹಾಗೆಯೇ ಅನ್ವಯಿಸಲಾಗದು. ಪ್ರಸ್ತುತ ಲೇಖನದಲ್ಲಿ ನಾಸಿಕ್ ಜಿಲ್ಲೆಯ ಮಾಲೇಗಾಂವ್ ಹಾಗೂ ಅದಕ್ಕೆ ಹೊಂದಿಕೊಂಡ ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಸೀಮೆಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ. ಈ ಸೀಮೆಯ ಅನೇಕ ಮಕ್ಕಳು ವರ್ಷದ ಅರ್ಧ ಭಾಗವನ್ನು ಕರ್ನಾಟಕದ ಕಬ್ಬಿನ ಗದ್ದೆಗಳ ಬದಿಯಲ್ಲಿ ಕಳೆಯುತ್ತಾರೆ. ಆದ್ದರಿಂದ ಇದು ಕನ್ನಡ ನಾಡಿಗೂ ಸಂಬಂಧಿಸಿದ ವಿಷಯವಾಗಿದೆ.

1. ಅಧ್ಯಯನದ ಇತಿಹಾಸ

ಒಂದೇ ಮಗುವನ್ನು ಹುಟ್ಟಿನಿಂದ ಪ್ರಾಯದವರೆಗೆ ಕ್ರಮವಾಗಿ ಅಳೆದ ಪ್ರಥಮ ದಾಖಲೆ ಫ್ರಾನ್ಸಿನದು. ಮೋಂಬೆಯಾರ್ ಎಂಬ ಶ್ರೀಮಂತನು 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟನು. ಅವನ ಮಿತ್ರನೂ ಪ್ರಸಿದ್ಧ ನಿಸರ್ಗಶಾಸ್ತ್ರಜ್ಞನೂ ಆಗಿದ್ದ ಬುಫೋನ್ ಆ ಅಳತೆಗಳನ್ನು ಪ್ರಕಟಿಸಿ, ಬಾಲಕನು ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಹೆಚ್ಚು ಬೆಳೆದಿರುವುದನ್ನು ಗುರುತಿಸಿದನು. ಒಂದೇ ಮಗುವಿನ ಅಳತೆಯಾದುದರಿಂದ ಇದನ್ನು ನಿಯಮವೆನ್ನಲಾಗದು. ಆದರೂ ಪ್ರಶ್ನೆಯು ಅಲ್ಲಿ ಹುಟ್ಟಿತು.

ನೂರು ವರ್ಷಗಳ ತರುವಾಯ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಕಿವುಡು-ಮೂಕ ಮಕ್ಕಳ ರಾಜಶಾಲೆಯ ಮುಖ್ಯಸ್ಥನಾಗಿದ್ದ ಪಾದ್ರಿ ರಾಸ್ಮುಸ್ ಮಾಲಿಂಗ್-ಹಾನ್ಸೆನ್ ಇದನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡನು. 1880ರ ದಶಕದಲ್ಲಿ ಅವನು ತನ್ನ ಶಾಲೆಯ ಮಕ್ಕಳ ಎತ್ತರ ಮತ್ತು ತೂಕಗಳನ್ನು ದಿನದಿನವೂ ಅಳೆಯಿಸಿದನು. 1886ರಲ್ಲಿ ಪ್ರಕಟವಾದ ಅವನ ಗ್ರಂಥದ ಸಾರಾಂಶವಿಷ್ಟು: ಎತ್ತರವು ವಸಂತದಿಂದ ಬೇಸಿಗೆಯ ಕೊನೆಯವರೆಗೆ ವೇಗವಾಗಿ ಹೆಚ್ಚುತ್ತದೆ, ತೂಕವು ಆಗಸ್ಟಿನಿಂದ ಡಿಸೆಂಬರಿನವರೆಗೆ ಹೆಚ್ಚುತ್ತದೆ. ಅಂದರೆ ಎತ್ತರಕ್ಕೊಂದು ಋತು, ತೂಕಕ್ಕೆ ಮತ್ತೊಂದು ಋತು. ಇಪ್ಪತ್ತನೆಯ ಶತಮಾನದಲ್ಲಿ ಜೇಮ್ಸ್ ಟ್ಯಾನರ್ ಮೊದಲಾದವರು ಪಶ್ಚಿಮ ಯುರೋಪಿನ ಮಕ್ಕಳಲ್ಲಿ ಇದೇ ಸ್ಥೂಲ ಕ್ರಮವನ್ನು ಕಂಡರು.

ಕಾರಣವನ್ನು ಅರಸಿದವರು ಮೊದಲು ಬೆಳಕಿನತ್ತ ದೃಷ್ಟಿ ಹಾಯಿಸಿದರು. ಈ ದಿಸೆಯಲ್ಲಿ 1971ರಲ್ಲಿ ಮಾರ್ಷಲ್ ಮತ್ತು ಸ್ವಾನ್ ಪ್ರಕಟಿಸಿದ ಅಧ್ಯಯನವು ಬಹು ಮುಖ್ಯವಾದುದು. ಅವರು ಕಣ್ಣುಳ್ಳ ಮಕ್ಕಳನ್ನೂ ಅಂಧ ಮಕ್ಕಳನ್ನೂ ಹೋಲಿಸಿದರು. ಎರಡೂ ಗುಂಪುಗಳಲ್ಲಿ ಬೆಳವಣಿಗೆಯ ವೇಗವು ವರ್ಷದೊಳಗೆ ಏರಿಳಿಯುತ್ತಿತ್ತು. ಕಣ್ಣುಳ್ಳ ಮಕ್ಕಳ ಏರು ವರ್ಷದ ಮೊದಲರ್ಧದಲ್ಲಿ ಬಂದರೆ, ಅಂಧ ಮಕ್ಕಳ ಏರು ವರ್ಷದ ಯಾವುದೇ ಕಾಲದಲ್ಲಿ ಬರುತ್ತಿತ್ತು. ಏರಿಳಿತವು ದೇಹದ ಒಳಗಿನದಾಗಿದ್ದು, ಅದನ್ನು ಋತುವಿನೊಂದಿಗೆ ಹೊಂದಿಸುವ ಕಾರ್ಯವನ್ನು ಕಣ್ಣಿಗೆ ಬೀಳುವ ಬೆಳಕು ಮಾಡುತ್ತಿರಬಹುದು ಎಂಬ ಊಹೆಗೆ ಇದು ಆಧಾರವಾಯಿತು. ಉಷ್ಣವಲಯದ ಗ್ವಾಟೆಮಾಲಾದಲ್ಲಿ ಬ್ಯಾರಿ ಬೋಗಿನ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಎತ್ತರವು ಮಳೆಗಾಲಕ್ಕಿಂತ ಶುಷ್ಕ ಋತುವಿನಲ್ಲಿ ವೇಗವಾಗಿ ಹೆಚ್ಚುವುದು ಕಂಡುಬಂದಿತು. ಅಲ್ಲಿಯೂ ಬಿಸಿಲು ಮತ್ತು ಅದರಿಂದ ಚರ್ಮದಲ್ಲಿ ಉತ್ಪತ್ತಿಯಾಗುವ ಡಿ ಜೀವಸತ್ವ ಕಾರಣವಾಗಿರಬಹುದೆಂದು ಸೂಚಿಸಲಾಯಿತು.

2. ಬೆಳಕಿನ ವಾದವೂ ಅಕ್ಷಾಂಶವೂ

ಮಾಲೇಗಾಂವ್ ಸುಮಾರು 20.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲು ಹದಿಮೂರು ಗಂಟೆಗಳನ್ನು ಸ್ವಲ್ಪ ಮೀರುತ್ತದೆ, ಅತಿ ಹ್ರಸ್ವ ಹಗಲು ಹನ್ನೊಂದು ಗಂಟೆಗಳಿಗೆ ತುಸು ಕಡಿಮೆ. ಅಂತರವು ಎರಡೂವರೆ ಗಂಟೆಯಷ್ಟು. ಮಾಲಿಂಗ್-ಹಾನ್ಸೆನ್ ಅಳೆದ ಕೋಪನ್‌ಹೇಗನ್‌ನಲ್ಲಿ ಈ ಅಂತರ ಹತ್ತು ಗಂಟೆಗಳನ್ನು ಮೀರುತ್ತದೆ. ಆದ್ದರಿಂದ ಬೆಳಕು ಯುರೋಪಿನ ಮಗುವಿನ ದೇಹಕ್ಕೆ ನೀಡುವಷ್ಟು ಪ್ರಬಲವಾದ ಸೂಚನೆಯನ್ನು ದಖ್ಖನ್ನಿನ ಮಗುವಿಗೆ ನೀಡಲಾರದು. ಇಲ್ಲಿ ಋತುವೆಂದರೆ ಹಗಲಿನ ಉದ್ದವಲ್ಲ. ಮಳೆ, ಬೆಳೆ, ನೀರು, ರೋಗ ಮತ್ತು ದುಡಿಮೆಗಳ ಸರದಿ. ಮಗುವಿನ ದೇಹವನ್ನು ಮುಟ್ಟುವುದು ಈ ಸರದಿಯೇ.

ಈ ಮಾತಿಗೆ ಉಷ್ಣವಲಯದ ಅಧ್ಯಯನಗಳ ಬೆಂಬಲವಿದೆ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದ ಕೆನೆಬಾ ಗ್ರಾಮದಲ್ಲಿ 1949ರಿಂದ ಅಳತೆಗಳು ನಡೆದುಬಂದಿವೆ. ಅಲ್ಲಿ ಜುಲೈಯಿಂದ ಅಕ್ಟೋಬರಿನವರೆಗಿನ ಮಳೆಗಾಲವೇ ಹಸಿವಿನ ಕಾಲ. ಹಳೆಯ ಧಾನ್ಯ ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ, ತಾಯಂದಿರು ಹೊಲದಲ್ಲಿರುತ್ತಾರೆ, ಮಲೇರಿಯಾ ಮತ್ತು ಅತಿಸಾರಗಳು ಏರುತ್ತವೆ. ಮಕ್ಕಳ ತೂಕದ ಏರಿಕೆ ಈ ಅವಧಿಯಲ್ಲಿ ಕುಗ್ಗುತ್ತದೆ. ಹಸಿವಿನ ಕಾಲದಲ್ಲಿ ಹುಟ್ಟಿದವರಲ್ಲಿ ಹದಿಹರೆಯ ದಾಟಿದ ಬಳಿಕವೂ ಅಕಾಲಮರಣದ ಪ್ರಮಾಣ ಹೆಚ್ಚೆಂದು 1997ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ಬ್ರೌನ್, ಬ್ಲ್ಯಾಕ್ ಮತ್ತು ಬೆಕರ್ 1982ರಲ್ಲಿ ಪ್ರಕಟಿಸಿದ ಅಧ್ಯಯನವೂ ಎಳೆಯ ಮಕ್ಕಳ ಪೋಷಣಾ ಸ್ಥಿತಿಯು ಋತುವಿನೊಂದಿಗೆ ಬದಲಾಗುವುದನ್ನು ದಾಖಲಿಸಿತು. ಇಂಥ ಸಮಾಜಗಳಲ್ಲಿ ತೂಕವು ಮೊದಲು ಇಳಿಯುತ್ತದೆ, ಎತ್ತರದ ಮೇಲಿನ ಪರಿಣಾಮವು ತಡವಾಗಿ ಕಾಣಿಸುತ್ತದೆ. ಆದ್ದರಿಂದ ಜುಲೈ ತಿಂಗಳ ಹಸಿವನ್ನು ಜುಲೈ ತಿಂಗಳ ಎತ್ತರದಲ್ಲಿ ಹುಡುಕಬಾರದು.

3. ಮಾಲೇಗಾಂವಿನ ವರ್ಷ

ಗಿರಣಾ ಮತ್ತು ಮೋಸಮ್ ನದಿಗಳ ಸಂಗಮದ ಬಳಿಯಿರುವ ಮಾಲೇಗಾಂವ್ ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಊರು. ಸಹ್ಯಾದ್ರಿಯ ಶಿಖರಗಳು ಮಳೆಯಲ್ಲಿ ತೋಯುತ್ತಿರುವಾಗ ಇಲ್ಲಿನ ರೈತನು ಮುಗಿಲು ನೋಡುತ್ತಿರುತ್ತಾನೆ. ಮೃಗಶಿರಾ ಮಳೆಯಿಂದ ಕೃಷಿವರ್ಷದ ಆರಂಭ. ಉತ್ತರ ಕರ್ನಾಟಕದವರು ಮಿರಗವೆಂದು ಕರೆಯುವ ಈ ಮಳೆಯನ್ನು ಮರಾಠಿಗರು ಮೃಗವೆನ್ನುತ್ತಾರೆ. ಜೂನ್-ಜುಲೈಯಲ್ಲಿ ಸಜ್ಜೆ, ಮೆಕ್ಕೆಜೋಳ, ಹತ್ತಿಗಳ ಬಿತ್ತನೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಜ್ಜೆಯ ಕೊಯ್ಲು. ಮಾರ್ಚ್-ಏಪ್ರಿಲ್‌ನಲ್ಲಿ ನೀರಾವರಿ ಉಳ್ಳವರ ಈರುಳ್ಳಿ. ಅನಂತರ ಕಡುಬೇಸಿಗೆ. ಮೇ ತಿಂಗಳಲ್ಲಿ ಇಲ್ಲಿನ ಉಷ್ಣತೆ ಅನೇಕ ದಿನ 42 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಈ ವರ್ಷಚಕ್ರವನ್ನು ಮಗುವಿನ ಪಕ್ಕದಲ್ಲಿಟ್ಟು ನೋಡಿದರೆ ಮೂರು ಕಾಲಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಬೇಸಿಗೆ: ಸೆಕೆಯಿಂದ ಹಸಿವು ಮಂದವಾಗುತ್ತದೆ, ನೀರು ದೂರವಾಗುತ್ತದೆ, ಶಾಲೆಗಳಿಗೆ ರಜೆಯಿರುವುದರಿಂದ ಮಧ್ಯಾಹ್ನದ ಬಿಸಿಯೂಟವೂ ಸಾಮಾನ್ಯವಾಗಿ ನಿಲ್ಲುತ್ತದೆ. ಎರಡನೆಯದು ಮಳೆಗಾಲದ ಮೊದಲ ಭಾಗ: ಹೊಸ ನೀರಿನೊಂದಿಗೆ ಅತಿಸಾರ ಬರುತ್ತದೆ, ಬಿತ್ತನೆ-ಕಳೆಗಳ ಕೆಲಸಕ್ಕೆ ತಾಯಿ ಹೋಗುತ್ತಾಳೆ, ಮನೆಯ ಕಣಜ ಬರಿದಾಗುತ್ತ ಬರುತ್ತದೆ. ಮೂರನೆಯದು ಸುಗ್ಗಿಯ ಅನಂತರದ ಚಳಿಗಾಲ: ಧಾನ್ಯವಿದೆ, ಕೂಲಿಯಿದೆ, ಹಸಿವು ಚುರುಕಾಗಿದೆ. ಹಿಂದಿನ ಎರಡು ಕಾಲಗಳಲ್ಲಿ ಕಳೆದುಕೊಂಡುದನ್ನು ಮಗುವು ತುಂಬಿಕೊಳ್ಳಬೇಕಾದ ಕಾಲವಿದು.

ಪ್ರಾಚೀನರು ಇದನ್ನು ಬೇರೊಂದು ಪರಿಭಾಷೆಯಲ್ಲಿ ಹೇಳಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನವು ವರ್ಷವನ್ನು ಆದಾನಕಾಲ ಮತ್ತು ವಿಸರ್ಗಕಾಲಗಳೆಂದು ವಿಭಾಗಿಸಿ, ಗ್ರೀಷ್ಮದ ಕೊನೆ ಮತ್ತು ವರ್ಷಾಋತುವಿನ ಆರಂಭಗಳಲ್ಲಿ ದೇಹಬಲ ಕನಿಷ್ಠವೆಂದೂ ಹೇಮಂತ-ಶಿಶಿರಗಳಲ್ಲಿ ಗರಿಷ್ಠವೆಂದೂ ಹೇಳುತ್ತದೆ. ಇದನ್ನು ಬೆಳವಣಿಗೆಯ ಸಿದ್ಧಾಂತವೆಂದು ಭಾವಿಸುವುದು ತಪ್ಪಾದೀತು. ಆದರೆ ಮಾನ್ಸೂನನ್ನು ಅವಲಂಬಿಸಿದ ಸಮಾಜವು ತನ್ನ ದೇಹವನ್ನು ಗಮನಿಸಿದ ರೀತಿಗೆ ಇದೊಂದು ಸಾಕ್ಷಿ. ತುಳುನಾಡು ಮತ್ತು ಕಾಸರಗೋಡಿನಲ್ಲಿ ಆಟಿ ತಿಂಗಳೆಂದರೆ ಇಂದಿಗೂ ಬಡತನದ ನೆನಪು. ಹೊಲದ ಕೆಲಸವಿಲ್ಲದ, ಹೊರಗೆ ಹೋಗಲಾಗದ ಆ ಜಡಿಮಳೆಯ ತಿಂಗಳಲ್ಲಿ ಜನರು ತಜಂಕಿನ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕೂಡಿಟ್ಟ ಹಲಸಿನ ಬೀಜಗಳಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಮಳೆ ಕಡಿಮೆಯಾದ ಮಾಲೇಗಾಂವಿಗೂ ಮಳೆ ಅತಿಯಾದ ಕಾಸರಗೋಡಿಗೂ ಹಸಿವಿನ ತಿಂಗಳು ಹೆಚ್ಚು ಕಡಿಮೆ ಒಂದೇ ಎಂಬುದು ಗಮನಾರ್ಹ. ಎರಡೂ ಕಡೆ ಅದು ಹಳೆಯ ಬೆಳೆ ಮುಗಿದು ಹೊಸ ಬೆಳೆ ಬಾರದ ನಡುಗಾಲ.

ಋತುವಿನ ಪ್ರಭಾವವು ಹುಟ್ಟಿಗೆ ಮೊದಲೇ ಆರಂಭವಾಗುತ್ತದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರವು ಆ ಜಿಲ್ಲೆಯ ಆರು ಹಳ್ಳಿಗಳಲ್ಲಿ 1993ರಿಂದ ಕೈಗೊಂಡ ಗರ್ಭಿಣಿಯರ ಪೋಷಣಾ ಅಧ್ಯಯನವು ಪ್ರಸಿದ್ಧವಾಗಿದೆ. 2009ರಲ್ಲಿ ಪ್ರಕಟವಾದ ಅದರ ಒಂದು ಭಾಗವು, ತಾಯಿಯ ಆಹಾರ ಮತ್ತು ದೈಹಿಕ ದುಡಿಮೆಗಳೆರಡೂ ಋತುವಿಗನುಗುಣವಾಗಿ ಬದಲಾಗುತ್ತವೆ, ಗರ್ಭದ ಯಾವ ಹಂತವು ಯಾವ ಋತುವಿಗೆ ಸಿಕ್ಕಿತೆಂಬುದು ಶಿಶುವಿನ ಗಾತ್ರಕ್ಕೆ ಸಂಬಂಧಿಸಿದೆ ಎಂದು ತೋರಿಸಿತು. ಸುಗ್ಗಿಯು ಊಟವನ್ನು ಹೆಚ್ಚಿಸುತ್ತದೆ, ದುಡಿಮೆಯನ್ನೂ ಹೆಚ್ಚಿಸುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

4. ನಗರದೊಳಗಿನ ಋತುಗಳು

ಮಾಲೇಗಾಂವ್ ಕೇವಲ ಕೃಷಿಯ ಊರಲ್ಲ. 1857ರ ಅನಂತರ ಉತ್ತರ ಹಿಂದೂಸ್ಥಾನದಿಂದ ವಲಸೆ ಬಂದ ನೇಕಾರರು ನೆಲೆಸಿದ, ಇಂದು ವಿದ್ಯುತ್ ಮಗ್ಗಗಳ ಸದ್ದಿನಿಂದ ಗುರುತಿಸಲ್ಪಡುವ ನಗರ. ಮಗ್ಗದ ಕೂಲಿಯು ಮಳೆಯನ್ನು ನೇರವಾಗಿ ಅವಲಂಬಿಸಿಲ್ಲ. ಆದ್ದರಿಂದ ನಗರದ ನೇಕಾರ ಮಗುವಿನ ಆಹಾರದ ಋತುವು ಹತ್ತು ಮೈಲಿ ಆಚೆಯ ಹಳ್ಳಿಯ ಮಗುವಿನದಕ್ಕಿಂತ ಭಿನ್ನವಾಗಿರಬೇಕು. ಆದರೆ ರೋಗದ ಋತುವು ಇಕ್ಕಟ್ಟಾದ ಮನೆಗಳಲ್ಲಿ ಮತ್ತಷ್ಟು ತೀವ್ರವಾಗುತ್ತದೆ. 2022ರ ಕೊನೆಯ ತಿಂಗಳುಗಳಲ್ಲಿ ಮಹಾರಾಷ್ಟ್ರದಲ್ಲಿ ದಡಾರ ಹರಡಿದಾಗ ಮುಂಬಯಿ, ಭಿವಂಡಿಗಳ ಜೊತೆಗೆ ಮಾಲೇಗಾಂವ್ ಸಹ ಅದಕ್ಕೆ ತುತ್ತಾಯಿತು. ಚಳಿಗಾಲ ಮತ್ತು ವಸಂತಗಳಲ್ಲಿ ಹರಡುವ ದಡಾರವು ಮಗುವಿನ ತೂಕವನ್ನು ಇಳಿಸಿ, ರೋಗನಿರೋಧಕ ಶಕ್ತಿಯನ್ನು ಬಹುಕಾಲ ಕುಗ್ಗಿಸುತ್ತದೆ. ಹೀಗೆ ತುಂಬಿಕೊಳ್ಳಬೇಕಾದ ಋತುವನ್ನೇ ರೋಗವು ಕಸಿದುಕೊಳ್ಳುತ್ತದೆ.

ಈ ನಗರವು ಸಂಶೋಧಕರಿಗೆ ಇನ್ನೊಂದು ಸೂಕ್ಷ್ಮವನ್ನು ಕಲಿಸುತ್ತದೆ. ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಇಲ್ಲಿ ರಂಜಾನ್ ತಿಂಗಳು ಇಡೀ ಊರಿನ ಊಟ-ನಿದ್ರೆಗಳ ಕ್ರಮವನ್ನು ಬದಲಿಸುತ್ತದೆ. ಚಿಕ್ಕ ಮಕ್ಕಳಿಗೆ ಉಪವಾಸದ ಕಟ್ಟಳೆಯಿಲ್ಲ, ಪ್ರಾಯಕ್ಕೆ ಬಂದವರು ಅದನ್ನು ಆಚರಿಸುತ್ತಾರೆ. ಚಾಂದ್ರಮಾನದ ಈ ತಿಂಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 2016ರಲ್ಲಿ ಜೂನಿನಲ್ಲಿದ್ದುದು 2025ರಲ್ಲಿ ಮಾರ್ಚಿಗೆ ಬಂದಿತ್ತು. ಒಂದೆರಡು ವರ್ಷಗಳ ಅಳತೆಯಲ್ಲಿ ಹದಿಹರೆಯದವರ ತೂಕವು ಯಾವುದೋ ತಿಂಗಳಲ್ಲಿ ಇಳಿದುದು ಕಂಡರೆ ಅದು ಸೂರ್ಯನ ಋತುವೋ ಸಂಪ್ರದಾಯದ ಋತುವೋ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ.

ಹದಿಹರೆಯದ ವಿಷಯದಲ್ಲಿ ಮತ್ತೊಂದು ತೊಡಕಿದೆ. ಹುಡುಗಿಯರಲ್ಲಿ ಸುಮಾರು ಹನ್ನೆರಡನೆಯ, ಹುಡುಗರಲ್ಲಿ ಸುಮಾರು ಹದಿನಾಲ್ಕನೆಯ ವಯಸ್ಸಿನ ಆಸುಪಾಸಿನಲ್ಲಿ ಎತ್ತರದ ವೇಗವು ಶಿಖರ ಮುಟ್ಟಿ ವರ್ಷಕ್ಕೆ ಎಂಟು ಸೆಂಟಿಮೀಟರನ್ನೂ ಮೀರಬಹುದು. ಈ ದೊಡ್ಡ ಅಲೆಯ ಮೇಲೆ ಋತುವಿನ ಸಣ್ಣ ಅಲೆಯು ಮುಚ್ಚಿಹೋಗುತ್ತದೆ. ಹಾಗೆಂದು ಅದು ಇಲ್ಲವೆಂದಲ್ಲ. ಶಿಖರದ ವರ್ಷದಲ್ಲೇ ಬರಗಾಲವೋ ಭಾರವಾದ ದುಡಿಮೆಯೋ ಎದುರಾದರೆ ನಷ್ಟವನ್ನು ತುಂಬಿಕೊಳ್ಳಲು ಉಳಿದಿರುವ ಕಾಲ ಕಡಿಮೆ.

5. ಋತು ಮತ್ತು ವಲಸೆ

ಈವರೆಗೆ ಹೇಳಿದುದು ಊರಿನಲ್ಲಿಯೇ ಉಳಿಯುವ ಮಕ್ಕಳ ಮಾತು. ಬೀಡ್, ಜಾಲ್ನಾ, ಅಹಿಲ್ಯಾನಗರ, ಛತ್ರಪತಿ ಸಂಭಾಜಿನಗರ, ನಾಸಿಕ್ ಜಿಲ್ಲೆಗಳ ಒಣಭಾಗಗಳಿಂದ ಪ್ರತಿವರ್ಷ ಕುಟುಂಬಗಳು ದಸರಾ-ದೀಪಾವಳಿಗಳ ಹೊತ್ತಿಗೆ ಕಬ್ಬು ಕಡಿಯಲು ಹೊರಡುತ್ತವೆ. ಮುಕಾದಮನಿಂದ ಉಚಲವೆಂಬ ಮುಂಗಡವನ್ನು ಪಡೆದು, ಗಂಡ-ಹೆಂಡಿರ ಜೋಡಿಯನ್ನು ಒಂದು ಕೊಯ್ತಾ ಎಂದು ಎಣಿಸುವ ಈ ವ್ಯವಸ್ಥೆಯಲ್ಲಿ ಅವರು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೂ ಬರುತ್ತಾರೆ. ಕಾರ್ಖಾನೆಗಳು ಕಬ್ಬು ನುರಿಸುವುದು ನಿಂತ ಮೇಲೆ, ಮಾರ್ಚ್-ಏಪ್ರಿಲ್ ಹೊತ್ತಿಗೆ, ಹಿಂದಿರುಗುತ್ತಾರೆ. ಮಕ್ಕಳು ಅವರ ಜೊತೆಯಲ್ಲಿಯೇ ಇರುತ್ತಾರೆ.

ಈ ದಿನಾಂಕಗಳನ್ನು ಮೇಲೆ ಹೇಳಿದ ಮೂರು ಕಾಲಗಳೊಂದಿಗೆ ಹೋಲಿಸಿದರೆ ವಿಷಯದ ತೀವ್ರತೆ ಅರ್ಥವಾಗುತ್ತದೆ. ಮಗುವು ಬೇಸಿಗೆಯನ್ನೂ ಮಳೆಗಾಲದ ಹಸಿವನ್ನೂ ತನ್ನ ಊರಿನಲ್ಲಿ ಅನುಭವಿಸುತ್ತದೆ. ತುಂಬಿಕೊಳ್ಳಬೇಕಾದ ಚಳಿಗಾಲವನ್ನು ಗದ್ದೆಯ ಬದಿಯ ಜೋಪಡಿಯಲ್ಲಿ ಕಳೆಯುತ್ತದೆ. ತಾಯಿಯು ನಸುಕಿನಲ್ಲೇ ಕಬ್ಬಿಗೆ ಇಳಿಯುವುದರಿಂದ ಬೆಳಗಿನ ಊಟ ಹಿಂದಿನ ರಾತ್ರಿಯದು. ದೊಡ್ಡ ಹುಡುಗಿಯು ಚಿಕ್ಕ ಮಗುವನ್ನು ನೋಡಿಕೊಳ್ಳುತ್ತಾಳೆ. ಇತ್ತ ಊರಿನ ಅಂಗನವಾಡಿಯ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಐದಾರು ತಿಂಗಳ ಖಾಲಿ ಮನೆಗಳು. ಅತ್ತ ಕನ್ನಡದ ಊರಿನ ಅಂಗನವಾಡಿಯಲ್ಲಿ ಹೆಸರೇ ಇರುವುದಿಲ್ಲ. ಒಂದು ಮಗುವಿನ ಬೆಳವಣಿಗೆಯು ಎರಡು ರಾಜ್ಯಗಳಲ್ಲಿ ನಡೆಯುತ್ತದೆ, ಆದರೆ ಎರಡರಲ್ಲಿ ಯಾವುದರಲ್ಲಿಯೂ ಪೂರ್ಣವಾಗಿ ಬರೆಯಲ್ಪಡುವುದಿಲ್ಲ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪೋಷಣ್ ಟ್ರ್ಯಾಕರ್ ವ್ಯವಸ್ಥೆಯಲ್ಲಿ ಮಗುವನ್ನು ಒಂದು ಅಂಗನವಾಡಿಯಿಂದ ಮತ್ತೊಂದಕ್ಕೆ ವರ್ಗಾಯಿಸಲು ಅವಕಾಶ ಕಲ್ಪಿಸಲಾಗಿದೆ. ಅವಕಾಶವು ಉಪಯೋಗವಾಗಬೇಕಾದರೆ, ಗದ್ದೆಯ ಬದಿಯ ಜೋಪಡಿಗಳನ್ನು ಹುಡುಕಿಕೊಂಡು ಹೋಗುವ, ಮರಾಠಿ ತಾಯಿಯ ಮಾತನ್ನು ತಿಳಿಯಬಲ್ಲ ಕಾರ್ಯಕರ್ತೆ ಬೇಕು.

6. ಅಳತೆಯ ವಿಷಯದಲ್ಲಿ ಕೆಲವು ಎಚ್ಚರಿಕೆಗಳು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಎತ್ತರದವರು ಮಹಾರಾಷ್ಟ್ರದಲ್ಲಿ ಶೇ. 35.2, ಕರ್ನಾಟಕದಲ್ಲಿ ಶೇ. 35.4. ಎತ್ತರಕ್ಕೆ ತಕ್ಕ ತೂಕವಿಲ್ಲದ ಕೃಶ ಮಕ್ಕಳು ಕ್ರಮವಾಗಿ ಶೇ. 25.6 ಮತ್ತು ಶೇ. 19.5. ಈ ಎರಡು ರಾಜ್ಯಗಳ ಅಳತೆಯೂ 2019ರ ಜೂನ್ ಮತ್ತು 2020ರ ಜನವರಿಗಳ ನಡುವಿನ ಮೊದಲ ಹಂತದಲ್ಲಿ, ಅಂದರೆ ಮಳೆಗಾಲದಿಂದ ಚಳಿಗಾಲದವರೆಗಿನ ಅವಧಿಯಲ್ಲಿ ನಡೆದುದು. ಕುಂಠಿತ ಎತ್ತರವು ಹಲವು ವರ್ಷಗಳ ಸಂಚಿತ ಫಲವಾದುದರಿಂದ ಅಳೆದ ತಿಂಗಳು ಅದನ್ನು ಅಷ್ಟಾಗಿ ಬದಲಿಸದು. ಕೃಶತೆಯು ಹಾಗಲ್ಲ, ಜುಲೈಯಲ್ಲಿ ಅಳೆದ ತಾಲೂಕನ್ನು ಡಿಸೆಂಬರಿನಲ್ಲಿ ಅಳೆದ ತಾಲೂಕಿನೊಂದಿಗೆ ಹೋಲಿಸುವಾಗ ಜಾಗ್ರತೆ ಬೇಕು. ಯೋಜನೆಯೊಂದರ ಆರಂಭದ ತೂಕವನ್ನು ಜೂನಿನಲ್ಲೂ ಕೊನೆಯ ತೂಕವನ್ನು ಜನವರಿಯಲ್ಲೂ ತೆಗೆದು ಯಶಸ್ಸನ್ನು ಘೋಷಿಸಿದರೆ, ಆ ಯಶಸ್ಸಿನಲ್ಲಿ ಒಂದು ಪಾಲು ಸುಗ್ಗಿಗೆ ಸಲ್ಲಬೇಕಾದುದಾಗಿರುತ್ತದೆ.

ಎರಡನೆಯದು ವಯಸ್ಸಿನ ಪ್ರಶ್ನೆ. ಮೂರು ಸುತ್ತುಗಳ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಆಧರಿಸಿ ಲೋಕ್ಷಿನ್ ಮತ್ತು ರಾದ್ಯಾಕಿನ್ 2012ರಲ್ಲಿ, ಮಳೆಗಾಲದಲ್ಲಿ ಹುಟ್ಟಿದ ಭಾರತೀಯ ಮಕ್ಕಳ ದೇಹಮಾನವು ಶರತ್ಕಾಲ-ಚಳಿಗಾಲಗಳಲ್ಲಿ ಹುಟ್ಟಿದವರದಕ್ಕಿಂತ ಕಡಿಮೆಯೆಂದು ತೋರಿಸಿದರು. ಆದರೆ ಜನನದ ತಿಂಗಳು ತಪ್ಪಾಗಿ ದಾಖಲಾದರೂ ಇಂಥ ವ್ಯತ್ಯಾಸ ತೋರಿಬರಬಹುದೆಂದು 2019ರಲ್ಲಿ ಲಾರ್ಸನ್, ಹೆಡಿ ಮತ್ತು ಮಾಸ್ಟರ್ಸ್ ಅನೇಕ ದೇಶಗಳ ಸಮೀಕ್ಷೆಗಳನ್ನು ಪರಿಶೀಲಿಸಿ ಎಚ್ಚರಿಸಿದರು. ಎರಡನೆಯ ವರ್ಷದಲ್ಲಿ ಮಗುವು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆ ವಯಸ್ಸಿನಲ್ಲಿ ಎರಡು ತಿಂಗಳ ತಪ್ಪೆಂದರೆ ಎರಡು ಸೆಂಟಿಮೀಟರಿನ ತಪ್ಪು. ಆರೋಗ್ಯವಂತ ಮಗುವನ್ನು ಕುಂಠಿತವೆಂದೋ ಕುಂಠಿತ ಮಗುವನ್ನು ಆರೋಗ್ಯವಂತವೆಂದೋ ಬರೆಯಲು ಇಷ್ಟು ಸಾಕು. ಹಿಂದಿನ ತಲೆಮಾರಿನ ಶಾಲಾ ದಾಖಲೆಗಳಲ್ಲಿ ಜೂನ್ 1 ಎಷ್ಟು ಜನರ ಹುಟ್ಟಿದ ದಿನವೆಂಬುದನ್ನು ಕರ್ನಾಟಕದ ಓದುಗರಿಗೆ ವಿವರಿಸಬೇಕಾಗಿಲ್ಲ. ದಿನಾಂಕ ತಿಳಿಯದ ತಾಯಿಯನ್ನು ಯಾವ ಮಳೆಯ ಹೊತ್ತಿಗೆ, ಯಾವ ಹಬ್ಬದ ಹಿಂದೆ ಮುಂದೆ ಎಂದು ಕೇಳುವ ಕ್ರಮವು ಇಲ್ಲಿ ನೆರವಾಗುತ್ತದೆ. ಮಳೆನಕ್ಷತ್ರಗಳ ಹೆಸರುಗಳು ಕನ್ನಡ-ಮರಾಠಿಗಳೆರಡಕ್ಕೂ ಸಮಾನವಾಗಿರುವುದರಿಂದ ಗಡಿಯ ಎರಡೂ ಬದಿಗೆ ಒಂದೇ ಪಟ್ಟಿಯನ್ನು ಬಳಸಬಹುದು.

ಮೂರನೆಯದು ಅಳತೆಯ ಅಂತರ. ಏಳು ವರ್ಷದ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್, ಎಂದರೆ ತಿಂಗಳಿಗೆ ಅರ್ಧ ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆದರೆ ಬೆಳಗಿನಿಂದ ಸಂಜೆಯೊಳಗೆ ಬೆನ್ನುಮೂಳೆಯ ನಡುವಣ ಮೆತ್ತೆಗಳು ಒತ್ತಲ್ಪಟ್ಟು ಎತ್ತರವು ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದರೆ ಎರಡು ತಿಂಗಳ ಬೆಳವಣಿಗೆ ಅಷ್ಟರಲ್ಲೇ ಕಾಣೆಯಾಗುತ್ತದೆ. ಆದ್ದರಿಂದ ಎತ್ತರವನ್ನು ಮೂರು ತಿಂಗಳಿಗೊಮ್ಮೆ, ದಿನದ ಅದೇ ಹೊತ್ತಿನಲ್ಲಿ, ಸಾಧ್ಯವಾದರೆ ಅದೇ ಕೈಯಿಂದ ಅಳೆಯುವುದು ಯುಕ್ತ. ತೂಕವನ್ನು ತಿಂಗಳಿಗೊಮ್ಮೆ ನೋಡಬಹುದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಉತ್ತರದ ದೇಶಗಳಲ್ಲಿ ಬೆಳವಣಿಗೆಯ ಋತುವಿಗೆ ಬೆಳಕು ಕಾರಣವಾಗಿದ್ದರೂ ದಖ್ಖನ್ನಿನಲ್ಲಿ ಆಹಾರ, ರೋಗ, ದುಡಿಮೆಗಳ ಋತುವೇ ಪ್ರಧಾನ. ಈ ಋತುವು ಹಳ್ಳಿಗೊಂದು, ನಗರಕ್ಕೊಂದು, ವಲಸೆಗಾರನಿಗೊಂದು ಬಗೆಯಾಗಿರುತ್ತದೆ. ಋತುವನ್ನು ಲೆಕ್ಕಿಸದ ಅಳತೆಯು ಮಗುವಿಗೆ ಸಲ್ಲಬೇಕಾದ ನೆರವನ್ನು ತಪ್ಪಿಸಬಲ್ಲದು.

ಬೆಳಕಿನ ಋತುವನ್ನು ಬದಲಿಸಲು ಯಾರಿಂದಲೂ ಸಾಧ್ಯವಿಲ್ಲ. ಹಸಿವಿನ ಋತುವನ್ನು ಬದಲಿಸಬಹುದು. ಆಂಧ್ರಪ್ರದೇಶದ ಮಕ್ಕಳನ್ನು ಕುರಿತು ಸಿಂಗ್, ಪಾರ್ಕ್ ಮತ್ತು ಡೆರ್ಕನ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಬರದಿಂದ ಎಳೆಯರ ದೇಹಕ್ಕಾದ ಹಾನಿಯನ್ನು ಶಾಲೆಯ ಮಧ್ಯಾಹ್ನದೂಟವು ತುಂಬಿಕೊಟ್ಟುದನ್ನು ತೋರಿಸಿದೆ. ಹಾಗಾದರೆ ಆ ಊಟವು ಹೆಚ್ಚು ಅಗತ್ಯವಾಗಿರುವ ಬೇಸಿಗೆಯ ರಜೆಯಲ್ಲಿ ಅದನ್ನು ಮುಂದುವರಿಸುವುದೂ, ಕಬ್ಬಿನ ಗದ್ದೆಯ ಬದಿಗೆ ಅದನ್ನು ತಲುಪಿಸುವುದೂ ಬೆಳವಣಿಗೆಯ ಶಾಸ್ತ್ರವು ಸೂಚಿಸುವ ಸರಳ ಉಪಾಯಗಳು. ಹೊರರಾಜ್ಯಗಳಲ್ಲಿರುವ ಸಂಶೋಧಕರು ಗಡಿಯ ಎರಡೂ ಬದಿಯ ದಾಖಲೆಗಳನ್ನು ಕೂಡಿಸಿ, ಒಂದೇ ಮಗುವಿನ ಹನ್ನೆರಡು ತಿಂಗಳನ್ನು ಒಂದೇ ಪುಟದಲ್ಲಿ ಬರೆಯುವ ಕಾರ್ಯವನ್ನು ಕೈಗೊಂಡರೆ, ಬೆಳವಣಿಗೆಯ ಶಾಸ್ತ್ರಕ್ಕೆ ಉಪಕಾರವಾಗುವುದಲ್ಲದೆ ಆ ಮಗುವಿಗೂ ಒಳಿತಾದೀತು.